ಕೇರಾಫ್ ನಿಮ್ಮ ಮನೆ: ಟೊರಾಂಟೊ ಕಡೆಯ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಟೊರಾಂಟೊ, ಮಿಸ್ಸಿಸಾಗಾ, ಬ್ರ್ಯಾಂಪ್ಟನ್, ಓಕ್‌ವಿಲ್, ಮಿಲ್ಟನ್ ಕಡೆ ಮನೆ ಮಾಡಿಕೊಂಡಿರುವ ಕನ್ನಡದ ಅಣ್ಣ ಅಕ್ಕಂದಿರಿಗೆ, ತಮ್ಮ ತಂಗಿಯರಿಗೆ ನಮಸ್ಕಾರ.

ನಿಮ್ಮ ಹತ್ತಿರ ಒಂದು ವಿಷಯ ಕೇಳಬೇಕು ಅಂತ ಈ ಪತ್ರ ಬರೆಯುತ್ತಿದ್ದೇನೆ. ದುಡ್ಡು ಬೇಡ, ಚಂದಾ ಬೇಡ. ನಿಮ್ಮ ಮನೆಯ ವಿಳಾಸ ಬೇಕು. ಊರಿಂದ ಪಿಆರ್ ತಗೊಂಡು, ಅಂದರೆ ಕೆನಡಾದಲ್ಲಿ ಕಾಯಂ ಆಗಿ ನೆಲೆಸಲು ಅನುಮತಿ ತಗೊಂಡು, ಹೊಸದಾಗಿ ಬಂದಿಳಿಯುವ ಒಂದು ಕುಟುಂಬಕ್ಕೆ, ಆರು ವಾರದ ಮಟ್ಟಿಗೆ. ಬೇಸ್‌ಮೆಂಟ್ ಖಾಲಿ ಇದ್ದರೆ ಅದನ್ನೂ ಕೊಡಿ. ಇಲ್ಲದಿದ್ದರೆ ವಿಳಾಸ, ಟಪಾಲು ಡಬ್ಬಿಯ ಒಂದು ಕೀ, ಇಷ್ಟೇ ಸಾಕು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಪತ್ರ ಯಾಕೆ ಅಂತ ಅನ್ನಿಸಬಹುದು. ನೀವು ಬಂದು ಹತ್ತು ಹದಿನೈದು ವರ್ಷ ಆಗಿದ್ದರೆ ಆ ಮೊದಲ ತಿಂಗಳು ಮರೆತೇ ಹೋಗಿರುತ್ತದೆ. ನನಗೆ ಮರೆತಿಲ್ಲ. ಅದನ್ನು ಹೇಳುತ್ತೇನೆ, ಆಮೇಲೆ ನೀವೇ ಯೋಚನೆ ಮಾಡಿ.

ನಾವು ಬಂದಿದ್ದು 2019ರ ಫೆಬ್ರುವರಿಯಲ್ಲಿ. ನಾನು, ನಮ್ಮ ಯಜಮಾನರು, ಐದು ವರ್ಷದ ಮಗಳು. ಹೊರಡುವ ಮುಂಚೆ ದಾವಣಗೆರೆಯ ಮನೆಯಲ್ಲಿ ಒಂದು ವಾರ ಕಾಗದಪತ್ರದ್ದೇ ಕೆಲಸ. ಬರೀ ಒಡವೆಗಳ ಪಟ್ಟಿಗೆ ಒಂದು ಇಡೀ ಸಂಜೆ ಹಿಡಿಯಿತು. ಕಸ್ಟಮ್ಸ್‌ನಲ್ಲಿ ತೋರಿಸಬೇಕಲ್ವಾ? ಅಮ್ಮ ಒಂದೊಂದೇ ಒಡವೆಯನ್ನು ಬಿಳಿ ಟವೆಲ್ ಮೇಲೆ ಇಡುತ್ತಿದ್ದರು, ನಾನು ಫೋಟೊ ತೆಗೆದು ಹೆಸರು, ತೂಕ, ಬೆಲೆ ಬರೆಯುತ್ತಿದ್ದೆ. ಬೆಂಡೋಲೆಗೆ ಇಂಗ್ಲಿಷಿನಲ್ಲಿ ಏನೋ ಒಂದು ಹೆಸರು ಹೊಂದಿಸಿದೆ. ಅವಲಕ್ಕಿ ಸರಕ್ಕೆ ಏನೂ ತೋಚಲಿಲ್ಲ. ಅದನ್ನು ಅವಲಕ್ಕಿ ಸರ ಅಂತಲೇ ಬರೆದು ಪಕ್ಕದಲ್ಲಿ ಫೋಟೊ ಅಂಟಿಸಿದೆ. ಮಗಳ ಲಸಿಕೆ ಕಾರ್ಡು, ಮಾರ್ಕ್ಸ್ ಕಾರ್ಡುಗಳು, ಯಜಮಾನರು ಕೆಲಸ ಮಾಡಿದ ಕಂಪನಿಗಳ ಪತ್ರಗಳು, ಮೂವರ ಕುಟುಂಬಕ್ಕೆ ತೋರಿಸಬೇಕಾದ ಸುಮಾರು 19 ಸಾವಿರ ಡಾಲರಿನ ಬ್ಯಾಂಕ್ ಪತ್ರ. ಆಗಿನ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿ. ಅದನ್ನು ಕೂಡಿಸಲು ಎಷ್ಟು ವರ್ಷ ಹಿಡಿಯಿತು ಅನ್ನೋದು ನಮಗೆ ಗೊತ್ತು.

ಎಲ್ಲದಕ್ಕೂ ಕಾಗದ ಮಾಡಿಕೊಂಡು ಬಂದಿದ್ದೆವು. ಒಂದು ವಿಳಾಸ ಮಾತ್ರ ಇರಲಿಲ್ಲ.

ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ನಮ್ಮ ಲ್ಯಾಂಡಿಂಗ್, ಅಂದರೆ ಪಿಆರ್ ಆಗಿ ದೇಶದೊಳಗೆ ಸೇರಿಸಿಕೊಳ್ಳುವ ಕೆಲಸ, ಮಾಡಿದ ಅಧಿಕಾರಿ ಒಳ್ಳೆಯವರು. ಪಿಆರ್ ಸಿಕ್ಕಿದೆ ಅಂತ ಖಚಿತಪಡಿಸುವ ಸಿಒಪಿಆರ್ ಕಾಗದ ನೋಡಿದರು. ಎಷ್ಟು ದುಡ್ಡು ತಂದಿದ್ದೀರಿ ಅಂತ ಕೇಳಿದರು. ಸಹಿ ಹಾಕಿಸಿಕೊಂಡರು. ನಿದ್ದೆಗಣ್ಣಿನ ಮಗಳನ್ನು ನೋಡಿ ನಕ್ಕು, ಕೆನಡಾಕ್ಕೆ ಸ್ವಾಗತ ಅಂದರು. ಆಮೇಲೆ ಪಿಆರ್ ಕಾರ್ಡ್ ಯಾವ ವಿಳಾಸಕ್ಕೆ ಕಳಿಸಬೇಕು ಅಂತ ಕೇಳಿದರು. ನಾವು ಆನ್‌ಲೈನ್‌ನಲ್ಲಿ ಹತ್ತು ದಿನಕ್ಕೆ ಹಿಡಿದಿದ್ದ ರೂಮಿನ ವಿಳಾಸ ಕೊಟ್ಟೆವು. ಬೇರೆ ಏನು ಕೊಡುವುದು? ವಿಳಾಸವನ್ನು ಆಮೇಲೂ ಕೊಡಬಹುದು, 180 ದಿನದ ಒಳಗೆ ತಿಳಿಸಿದರೆ ಸಾಕು ಅನ್ನೋದು ಆಗ ನಮ್ಮ ತಲೆಗೆ ಹೋಗಲಿಲ್ಲ. ಇಪ್ಪತ್ತೆಂಟು ಗಂಟೆ ಪ್ರಯಾಣ ಮಾಡಿ ಬಂದವರಿಗೆ ಅಂಥದ್ದೆಲ್ಲ ಹೊಳೆಯುವುದಿಲ್ಲ.

ಮರುದಿನ, ಇಲ್ಲಿ ಕೆಲಸ ಮಾಡಲು ಬೇಕಾದ ಸರ್ಕಾರಿ ಸಂಖ್ಯೆ, ಸಿನ್ ನಂಬರ್ ಸಿಕ್ಕಿತು. ಬ್ಯಾಂಕ್ ಖಾತೆಯೂ ಆಯಿತು. ಇವೆರಡು ಈ ದೇಶದಲ್ಲಿ ಸಲೀಸು. ಕೆಲಸ ಇಲ್ಲದಿದ್ದರೂ ಬ್ಯಾಂಕಿನವರು ಖಾತೆ ತೆರೆಯುತ್ತಾರೆ. ಅಲ್ಲಿಂದ ಮುಂದೆ ಶುರುವಾಯಿತು ಮನೆ ಹುಡುಕಾಟ.

ಹನ್ನೊಂದು ಮನೆ ನೋಡಿದೆವು. ಬಸ್ಸಿನಲ್ಲಿ, ಮಗಳನ್ನು ಕರೆದುಕೊಂಡು, ಆ ಚಳಿಯಲ್ಲಿ. ಎಲ್ಲರದ್ದೂ ಒಂದೇ ಪ್ರಶ್ನೆ. ಜಾಬ್ ಲೆಟರ್ ಇದೆಯಾ? ಕ್ರೆಡಿಟ್ ರಿಪೋರ್ಟ್ ಇದೆಯಾ? ಹಿಂದಿನ ಮನೆ ಮಾಲೀಕರ ಹೆಸರು ಕೊಡಿ. ನಮ್ಮ ಹಿಂದಿನ ಮನೆ ಮಾಲೀಕರು ದಾವಣಗೆರೆಯ ವಿದ್ಯಾನಗರದಲ್ಲಿ ಇದ್ದರು. ಕ್ರೆಡಿಟ್ ರಿಪೋರ್ಟ್ ಅನ್ನೋದು ಈ ದೇಶದಲ್ಲಿ ಸಾಲ ಮಾಡಿ ತೀರಿಸಿದ ಮೇಲೆ ಹುಟ್ಟುವಂಥದ್ದು. ಮೊನ್ನೆ ಬಂದವರ ಹತ್ತಿರ ಅದು ಎಲ್ಲಿಂದ ಬರಬೇಕು? ಕೆಲಸ ಸಿಗಬೇಕಾದರೆ ನೆಲೆ ಬೇಕು, ನೆಲೆ ಸಿಗಬೇಕಾದರೆ ಕೆಲಸದ ಪತ್ರ ಬೇಕು. ಮಗಳನ್ನು ಶಾಲೆಗೆ ಸೇರಿಸಲು ವಿಳಾಸದ ಪುರಾವೆ ಬೇಕು, ಯಾಕೆಂದರೆ ಇಲ್ಲಿ ಮನೆ ಎಲ್ಲಿದೆಯೋ ಆ ಕಡೆಯ ಶಾಲೆಯೇ ಸಿಗುವುದು. ಹೆಲ್ತ್ ಕಾರ್ಡಿಗೆ ವಿಳಾಸದ ಪುರಾವೆ ಬೇಕು. ಸರ್ಕಾರ ಕೊಡುವ ಮಕ್ಕಳ ಭತ್ಯೆಯ ಅರ್ಜಿಗೂ ವಿಳಾಸ ಬೇಕು. ಯಾವ ಕಡೆಯಿಂದ ಹೋದರೂ ಅದೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆವು.

ಎರಡನೇ ವಾರ ಮಗಳಿಗೆ ಜ್ವರ ಬಂತು. ರಾತ್ರಿ 103 ಡಿಗ್ರಿ. ಆಗ ನಾವಿರುವ ಒಂಟಾರಿಯೊ ಪ್ರಾಂತ್ಯದಲ್ಲಿ ಹೊಸಬರು ಸರ್ಕಾರಿ ಆರೋಗ್ಯ ವಿಮೆಗೆ ಮೂರು ತಿಂಗಳು ಕಾಯಬೇಕಿತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಆ ನಿಯಮ ತೆಗೆದರು, ಈಗ ಆ ಕಾಯುವಿಕೆ ಇಲ್ಲ. ನಮಗೆ ಇತ್ತು. ಬೆಳಿಗ್ಗೆ ಒಂದು ಕ್ಲಿನಿಕ್‌ಗೆ ಹೋದೆವು. ಕೌಂಟರಿನ ಹುಡುಗಿ ಕಾರ್ಡ್ ಕೇಳಿದಳು, ಇಲ್ಲ ಅಂದೆವು. ದುಡ್ಡು ಕಟ್ಟುತ್ತೇವೆ ಅಂದೆವು. ಸರಿ, ವಿಳಾಸ ಹೇಳಿ ಅಂದಳು. ರೂಮಿನ ವಿಳಾಸ ಹೇಳಿದೆ. ಅದು ನಾಳೆಯವರೆಗೆ ಮಾತ್ರ ಅನ್ನೋದು ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ಮದುವೆಯಾಗಿ ಹತ್ತು ವರ್ಷ ಸಂಸಾರ ಮಾಡಿದವಳಿಗೆ, ಎಲ್ಲಿ ಇದ್ದೀರಿ ಅಂದರೆ ಉತ್ತರ ಇರಲಿಲ್ಲ.

ಅದೇ ದಿನ ಸಂಜೆ ಇಂಡಿಯನ್ ಅಂಗಡಿಯಲ್ಲಿ ಗಂಜಿಗೆ ಅಕ್ಕಿ ತಗೊಳ್ಳುತ್ತಿದ್ದೆ. ಮಗಳು ಕಪಾಟಿನಲ್ಲಿದ್ದ ಮಂಡಕ್ಕಿ ಪ್ಯಾಕೆಟ್ ತೋರಿಸಿ, ಅಮ್ಮ ಮಂಡಕ್ಕಿ ಮಂಡಕ್ಕಿ ಅಂತ ಹಟ ಹಿಡಿದಳು. ಹಿಂದಿನಿಂದ ಯಾರೋ, "ಮಂಡಕ್ಕಿ ಬೇಕೇನು ಪುಟ್ಟಿ? ಯಾವೂರವ್ವ ನಿಮ್ದು?" ಅಂದರು. ತಿರುಗಿ ನೋಡಿದರೆ ಐವತ್ತೈದು ಅರವತ್ತು ವಯಸ್ಸಿನ ಒಬ್ಬ ಅಕ್ಕ. ಗದಗಿನ ಕಡೆಯವರು. ಆ ಒಂದು ಮಾತಿಗೆ ನಾನು ಅಂಗಡಿಯಲ್ಲೇ ಅತ್ತುಬಿಟ್ಟೆ. ಅವರು ಎಲ್ಲ ಕೇಳಿಸಿಕೊಂಡರು. "ಅದಕ್ಯಾಕ ಅಷ್ಟು ಚಿಂತಿ ಮಾಡ್ತೀ? ನಮ್ಮ ಬೇಸ್‌ಮೆಂಟ್ ಖಾಲಿ ಅದ. ನಾಳೆ ಬಂದುಬಿಡ್ರಿ. ಎಲ್ಲಾದಕ್ಕೂ ನಮ್ಮನಿ ಅಡ್ರೆಸ್ ಕೊಡ್ರಿ" ಅಂದರು.

ಮರುದಿನ ಹೋದೆವು. ಅವರು ಮೊದಲು ಮಾಡಿದ ಕೆಲಸ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಟೀ ಕೂಡ ಕೊಡುವ ಮುಂಚೆ, ಒಂದು ಚೀಟಿಯ ಮೇಲೆ ನಮ್ಮ ಮೂವರ ಹೆಸರನ್ನೂ ದಪ್ಪಕ್ಷರದಲ್ಲಿ ಬರೆದರು. ನನ್ನನ್ನು ಕರೆದುಕೊಂಡು ಬೀದಿ ಮೂಲೆಗೆ ಹೋದರು. ಇಲ್ಲಿ ಹೊಸ ಬಡಾವಣೆಗಳಲ್ಲಿ ಮನೆ ಮನೆಗೆ ಟಪಾಲು ಬರುವುದಿಲ್ಲ, ಬೀದಿಗೆಲ್ಲ ಸೇರಿ ಒಂದು ಕಡೆ ಸಾಲಾಗಿ ಡಬ್ಬಿಗಳು ಇರುತ್ತವೆ ಅಂತ ನಿಮಗೆ ಗೊತ್ತೇ ಇದೆ. ತಮ್ಮ ಡಬ್ಬಿ ತೆಗೆದು ಒಳಗೆ ಆ ಚೀಟಿ ಅಂಟಿಸಿದರು. ಕೈಗವಸು ತೆಗೆದಿದ್ದರು, ಟೇಪು ಚಳಿಗೆ ಹಿಡಿಯುತ್ತಿರಲಿಲ್ಲ. ಮೂರು ಸಲ ಒತ್ತಿ ಒತ್ತಿ ಅಂಟಿಸಿದರು. ಆಮೇಲೆ ಒಂದು ಕೀ ನನ್ನ ಕೈಗಿಟ್ಟರು. "ದಿನಾ ಬಂದು ನೋಡ್ಕೊ. ನನ್ನ ಕೇಳೂದು ಬ್ಯಾಡ" ಅಂದರು.

ಅಲ್ಲಿಂದ ಗಂಟು ಬಿಚ್ಚಿಕೊಂಡಿತು. ಬ್ಯಾಂಕಿನ ಕಾಗದ ಆ ವಿಳಾಸಕ್ಕೆ ಬಂತು. ಅದು ಪುರಾವೆ ಆಯಿತು. ಶಾಲೆಯವರು ಅದನ್ನೂ ಅಕ್ಕ ಬರೆದುಕೊಟ್ಟ ಪತ್ರವನ್ನೂ ನೋಡಿ ಮಗಳನ್ನು ಸೇರಿಸಿಕೊಂಡರು. ಹೆಲ್ತ್ ಕಾರ್ಡಿಗೆ ಅರ್ಜಿ ಹಾಕಿದೆವು. ಮಕ್ಕಳ ಭತ್ಯೆಗೆ ಹಾಕಿದೆವು. ಅದು ಪಿಆರ್ ಆಗಿ ಬಂದ ಕುಟುಂಬಕ್ಕೂ ಸಿಗುತ್ತದೆ, ಇಲ್ಲಿಗೆ ಬರುವ ಮುಂಚಿನ ಆದಾಯದ ವಿವರ ಕೊಡಬೇಕು ಅಷ್ಟೆ. ಎಷ್ಟೋ ಜನ ಒಂದು ವರ್ಷ ಆದರೂ ಹಾಕಿರುವುದಿಲ್ಲ. ಯಾರೂ ಹೇಳಿರುವುದಿಲ್ಲ.

ಒಂದು ಮಾತ್ರ ಆಗಲೇ ಕೈ ತಪ್ಪಿತ್ತು. ಪಿಆರ್ ಕಾರ್ಡುಗಳು ಆ ಹಳೇ ರೂಮಿನ ವಿಳಾಸಕ್ಕೆ ಹೋದವು. ಅಲ್ಲಿನವರು, ಇಂಥವರು ಇಲ್ಲಿಲ್ಲ ಅಂತ ವಾಪಸ್ ಕಳಿಸಿದರು. ಅವರ ತಪ್ಪೂ ಅಲ್ಲ. ಮತ್ತೆ ಬರೆದು, ಕಾದು, ಕಾರ್ಡ್ ಕೈಗೆ ಬರುವಾಗ ಆಗಸ್ಟ್. ನಡುವೆ ಮೇ ತಿಂಗಳಲ್ಲಿ ದಾವಣಗೆರೆಯಲ್ಲಿ ಅಪ್ಪನಿಗೆ ಬೈಪಾಸ್ ಆಪರೇಷನ್ ಆಯಿತು. ಕಾರ್ಡ್ ಇಲ್ಲದೆ ದೇಶ ಬಿಟ್ಟು ಹೋಗಬಹುದು. ಆದರೆ ವಾಪಸ್ ಬರುವಾಗ ವಿಮಾನ ಹತ್ತಿಸುವುದಿಲ್ಲ, ಅಲ್ಲಿಂದಲೇ ಬೇರೆ ಪ್ರಯಾಣ ಪತ್ರಕ್ಕೆ ಅರ್ಜಿ ಹಾಕಿ ಕಾಯಬೇಕು. ಅದು ಎಷ್ಟು ದಿನ ಅಂತ ಯಾರೂ ಹೇಳುವಂತಿರಲಿಲ್ಲ. ಇಲ್ಲಿ ಮಗಳು, ರಾತ್ರಿ ಪಾಳಿಯ ಯಜಮಾನರು. ನಾನು ಹೋಗಲಿಲ್ಲ. ಅಪ್ಪ ಹುಷಾರಾದರು. ಯಾಕೆ ಬರಲಿಲ್ಲ ಅಂತ ಅವರು ಒಂದು ದಿನವೂ ಕೇಳಲಿಲ್ಲ. ಆಪರೇಷನ್ ನಡೆಯುವಾಗ ಇಲ್ಲಿ ನಡುರಾತ್ರಿ. ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಫೋನ್ ಹಿಡಿದು ಕೂತಿದ್ದೆ. ಅಕ್ಕ ಮೇಲಿನಿಂದ ಬಂದು ಪಕ್ಕದಲ್ಲಿ ಕೂತರು. ಬೆಳಗಿನ ತನಕ ಎದ್ದು ಹೋಗಲಿಲ್ಲ.

ಅಪ್ಪನ ಮಾತು ಬಂತಲ್ಲ, ಅವರದ್ದೇ ಒಂದು ವಿಷಯ ಹೇಳುತ್ತೇನೆ. ಅಪ್ಪ ಹರಪನಹಳ್ಳಿ ಕಡೆಯ ಹಳ್ಳಿಯವರು. 1971ರಲ್ಲಿ ಹತ್ತಿ ಗಿರಣಿಯಲ್ಲಿ ಕೆಲಸ ಹುಡುಕಿಕೊಂಡು ದಾವಣಗೆರೆಗೆ ಬಂದರು. ಕೈಯಲ್ಲಿ ಒಂದು ಟ್ರಂಕು. ನಮ್ಮೂರಿನವರೇ ಒಬ್ಬರು ಮಂಡಕ್ಕಿ ಭಟ್ಟಿಯ ಹತ್ತಿರ ಮನೆ ಮಾಡಿಕೊಂಡಿದ್ದರು. ಅವರ ಪಡಸಾಲೆಯಲ್ಲಿ ಅಪ್ಪ ಎಂಟು ತಿಂಗಳು ಮಲಗಿದರು. ಅವರು ನೆಂಟರಲ್ಲ, ಬರೀ ಊರಿನವರು. ಅಜ್ಜಿ ಬರೆಸುತ್ತಿದ್ದ ಕಾಗದಗಳೆಲ್ಲ ಅವರ ಹೆಸರಿಗೆ ಕೇರಾಫ್ ಆಗಿ ಬರುತ್ತಿದ್ದವು. ಗಿರಣಿಯಲ್ಲಿ ಕೊಟ್ಟ ಮೊದಲ ಅರ್ಜಿಯಲ್ಲೂ ಅದೇ ಕೇರಾಫ್. ಆ ಕಾಲದ ಕಾಗದಗಳಲ್ಲಿ ಈ ಪದ ಇಲ್ಲದ ವಿಳಾಸವೇ ಕಡಿಮೆ, ನಿಮ್ಮ ಮನೆಯ ಹಳೇ ಪೆಟ್ಟಿಗೆಯಲ್ಲೂ ಇರಬಹುದು, ನೋಡಿ. ಪಟ್ಟಣದಲ್ಲಿ ಮುಂಚೆ ನೆಲೆ ಕಂಡವರು ಹಿಂದೆ ಬಂದವರಿಗೆ ಹೆಸರು ಕೊಡುತ್ತಿದ್ದರು. ವಾರಾನ್ನದಲ್ಲಿ ಓದಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಹಾಗೆ ಓದಿ ಮೇಲೆ ಬಂದವರ ಮಕ್ಕಳು, ಮೊಮ್ಮಕ್ಕಳೇ ನಾವು ಇಲ್ಲಿಗೆ ಬಂದಿರುವುದು.

ಕೆನಡಾ ಸರ್ಕಾರಕ್ಕೂ ಇದು ಗೊತ್ತಿದೆ. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ, ಅಂದರೆ ಅಂಕ ನೋಡಿ ಪಿಆರ್‌ಗೆ ಆರಿಸುವ ಪದ್ಧತಿಯಲ್ಲಿ, ಅಂಕ ಲೆಕ್ಕ ಹಾಕುವಾಗ, ಒಡಹುಟ್ಟಿದವರು ಯಾರಾದರೂ ಇಲ್ಲಿ ಪ್ರಜೆಯೋ ಪಿಆರೋ ಆಗಿದ್ದರೆ 15 ಅಂಕ ಜಾಸ್ತಿ ಕೊಡುತ್ತಾರೆ. ನಮ್ಮವರು ಅಂತ ಒಬ್ಬರು ಇದ್ದರೆ ಬೇಗ ನೆಲೆ ನಿಲ್ಲುತ್ತಾರೆ ಅನ್ನೋದೇ ತಾನೇ ಅದರ ಅರ್ಥ? ಆ ಅಂಕ ನಮಗೆ ಸಿಗಲಿಲ್ಲ. ಅಂಥ ಅಣ್ಣನೂ ಅಕ್ಕನೂ ಇಲ್ಲದೆ ಬರುವವರೇ ಜಾಸ್ತಿ.

ಈಗ ಕೇಳಬೇಕಾದ್ದನ್ನು ನೇರವಾಗಿ ಕೇಳುತ್ತೇನೆ.

ಬೇಸ್‌ಮೆಂಟ್ ಬಾಡಿಗೆಗೆ ಕೊಡುವ ನಮ್ಮವರಿಗೆ ಮೊದಲ ಮಾತು. ಹೊಸದಾಗಿ ಬಂದವರ ಹತ್ತಿರ ಆರು ತಿಂಗಳ ಬಾಡಿಗೆ ಮುಂಗಡ ಕೇಳಬೇಡಿ. ಒಂಟಾರಿಯೊದ ಬಾಡಿಗೆ ಕಾಯ್ದೆಯ ಪ್ರಕಾರ, ತಿಂಗಳ ಬಾಡಿಗೆ ಮನೆಗೆ ಠೇವಣಿಯಾಗಿ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಅದೂ ಕೊನೆಯ ತಿಂಗಳ ಬಾಡಿಗೆಗೆ ಮುರಿದುಕೊಳ್ಳಲು ಮಾತ್ರ. ಮನೆ ಹಾಳಾದರೆ ಅಂತ ಬೇರೆ ಠೇವಣಿ ಇಡಿಸಿಕೊಳ್ಳುವ ಹಾಗೂ ಇಲ್ಲ. ಮುಂದಿನ ತಾರೀಖಿನ ಚೆಕ್ಕುಗಳನ್ನು ಕೊಡಲೇಬೇಕು ಅನ್ನುವಂತಿಲ್ಲ. ಬಾಡಿಗೆಯ ಇತಿಹಾಸ, ಕ್ರೆಡಿಟ್ ಇತಿಹಾಸ ಇಲ್ಲ ಅನ್ನೋದನ್ನೇ ಕೊರತೆ ಅಂತ ಎಣಿಸಬಾರದು ಅಂತ ಒಂಟಾರಿಯೊ ಮಾನವ ಹಕ್ಕುಗಳ ಆಯೋಗ ಸ್ಪಷ್ಟವಾಗಿ ಹೇಳಿದೆ. ಇದೆಲ್ಲ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಆದರೂ ಕೇಳುತ್ತೀರಿ, ಅವರೂ ಕೊಡುತ್ತಾರೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸ ಆದವರಿಗೆ ಆರು ತಿಂಗಳು ಅಂದರೆ ತಪ್ಪು ಅಂತ ಅನ್ನಿಸುವುದೇ ಇಲ್ಲ. ಆದರೆ ಯೋಚನೆ ಮಾಡಿ. ಬೆಂಗಳೂರಿನಲ್ಲಿ ಅದು ಮನೆ ಬಿಡುವಾಗ ವಾಪಸ್ ಬರುವ ದುಡ್ಡು. ಇಲ್ಲಿ ಅದು ಖರ್ಚಾಗಿ ಹೋಗುವ ದುಡ್ಡು. ಬಂದ ವಾರವೇ ಅವರ ಉಳಿತಾಯದ ಅರ್ಧ ಹೋದರೆ, ಸಿಕ್ಕ ಕೆಲಸಕ್ಕೆ ಕುತ್ತಿಗೆ ಕೊಡಲೇಬೇಕಾಗುತ್ತದೆ. ಆಮೇಲೆ ತಮ್ಮ ಕಸುಬಿಗೆ ವಾಪಸ್ ಬರಲು ವರ್ಷಗಳೇ ಹಿಡಿಯುತ್ತವೆ.

ನಮ್ಮ ಯಜಮಾನರದ್ದು ಅದೇ ಆಯಿತು. ಸಿವಿಲ್ ಎಂಜಿನಿಯರ್, ಹನ್ನೆರಡು ವರ್ಷ ಸೈಟ್ ನೋಡಿಕೊಂಡವರು. ಇಲ್ಲಿ ಎರಡು ವರ್ಷ ಗೋದಾಮಿನಲ್ಲಿ ರಾತ್ರಿ ಪೆಟ್ಟಿಗೆ ಎತ್ತಿದರು. ಆ ಕೆಲಸವನ್ನು ನಾನು ಕೀಳು ಅನ್ನುವುದಿಲ್ಲ, ಅದು ನಮಗೆ ಊಟ ಹಾಕಿತು. ಆದರೆ ಹಗಲೆಲ್ಲ ನಿದ್ದೆ ಮಾಡುವ ಮನುಷ್ಯ ಯಾವ ಇಂಟರ್‌ವ್ಯೂಗೆ ಹೋಗಬೇಕು? ಹೋದ ಕಡೆಯಲ್ಲೆಲ್ಲ ಕೆನಡಾದ ಅನುಭವ ಇದೆಯಾ ಅನ್ನುವ ಪ್ರಶ್ನೆ. ಅದನ್ನೇ ಷರತ್ತು ಮಾಡುವುದು ತಾರತಮ್ಯ ಅಂತ ಅದೇ ಮಾನವ ಹಕ್ಕುಗಳ ಆಯೋಗ 2013ರಲ್ಲೇ ಹೇಳಿತ್ತು. ಎಂಜಿನಿಯರ್ ಪರವಾನಗಿಗೆ ಕೆನಡಾದ ಅನುಭವ ಬೇಕು ಅನ್ನುವ ನಿಯಮವನ್ನು ಒಂಟಾರಿಯೊದಲ್ಲಿ 2023ರ ಮೇ ತಿಂಗಳಲ್ಲಿ ತೆಗೆದರು. 2026ರ ಜನವರಿ 1ರಿಂದ, 25 ಜನಕ್ಕಿಂತ ಕಡಿಮೆ ಇಲ್ಲದ ಕಂಪನಿಗಳು ಕೆಲಸದ ಜಾಹೀರಾತಿನಲ್ಲಿ ಅದನ್ನು ಕೇಳುವ ಹಾಗಿಲ್ಲ. ಕಾನೂನು ಬದಲಾಗುತ್ತಿದೆ, ಒಳ್ಳೆಯದು. ಆದರೆ ಒಳಗಿನಿಂದ ಒಬ್ಬರು, ಇವರನ್ನು ನನಗೆ ಗೊತ್ತು, ಒಮ್ಮೆ ಮಾತಾಡಿಸಿ ಅಂದರೆ ಆಗುವ ಕೆಲಸವನ್ನು ಯಾವ ಕಾನೂನೂ ಮಾಡುವುದಿಲ್ಲ. ನಮ್ಮಲ್ಲಿ ಹೊಸಬರಿಗೆ ಬುದ್ಧಿ ಹೇಳುವವರು ಬಹಳ. ಸಿಕ್ಕ ಸರ್ವೈವಲ್ ಜಾಬ್ ಮಾಡಿ, ಎಲ್ಲಾ ಸರಿಹೋಗುತ್ತೆ, ನಾವೂ ಹಾಗೇ ಬಂದಿದ್ದು ಅನ್ನುತ್ತಾರೆ. ಒಂದು ಸಂಜೆ ಜತೆಗೆ ಕೂತು ರೆಸ್ಯೂಮೆ ತಿದ್ದಿಕೊಡಿ. ನಿಮ್ಮ ಆಫೀಸಿನಲ್ಲಿ ಒಬ್ಬರ ಹತ್ತಿರ ಮಾತಾಡಿ. ಕಷ್ಟಪಟ್ಟು ಬಂದೆವು ಅನ್ನುವ ಕಾರಣಕ್ಕೆ ಇನ್ನೊಬ್ಬರೂ ಅಷ್ಟೇ ಕಷ್ಟಪಡಬೇಕು ಅಂತ ಏನೂ ಇಲ್ಲವಲ್ಲ.

ಮನೆಯೊಳಗೆ ಸೇರಿಸಿಕೊಳ್ಳಲು ಭಯ ಆಗುತ್ತದೆ ಅನ್ನುವವರಿದ್ದೀರಿ. ಆ ಭಯ ಸುಳ್ಳಲ್ಲ. ಬಂದವರು ಹೋಗದಿದ್ದರೆ? ಗುರುತು ಪರಿಚಯ ಇಲ್ಲದವರು, ಮನೆಯಲ್ಲಿ ವಯಸ್ಸಿಗೆ ಬಂದ ಮಕ್ಕಳಿದ್ದಾರೆ. ನಿಜ. ಹಾಗಿದ್ದರೆ ಬರುವ ಮುಂಚೆಯೇ ವಿಡಿಯೊ ಕಾಲ್ ಮಾಡಿ ಮಾತಾಡಿ. ಊರಲ್ಲಿ ಅವರನ್ನು ಬಲ್ಲವರು ಒಬ್ಬರಾದರೂ ಇದ್ದೇ ಇರುತ್ತಾರೆ, ವಿಚಾರಿಸಿ. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಅಂತ ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿ. ಅಡುಗೆಮನೆಯನ್ನೋ ಬಚ್ಚಲನ್ನೋ ಮನೆಯವರ ಜತೆ ಹಂಚಿಕೊಂಡು ಇರುವವರಿಗೆ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ, ಅದನ್ನೂ ತಿಳಿದಿರಿ. ಸಾಲಕ್ಕೆ ಜಾಮೀನು ನಿಲ್ಲಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಅಂತ ಬರೆದುಕೊಡಿ ಅಂತಲೂ ಹೇಳುವುದಿಲ್ಲ. ಒಂದು ತಿಂಗಳು ನಮ್ಮ ಮನೆಯಲ್ಲಿದ್ದರು, ಒಳ್ಳೆಯ ಜನ, ಮಾತಿಗೆ ತಪ್ಪಲಿಲ್ಲ ಅಂತ ನಿಜವನ್ನೇ ಬರೆದರೂ ಮುಂದಿನ ಮನೆ ಮಾಲೀಕರಿಗೆ ಅದು ಸಾಕಾಗುತ್ತದೆ. ನಮಗೆ ಮನೆ ಸಿಕ್ಕಿದ್ದು ಅಕ್ಕ ಬರೆದ ಅಂಥ ನಾಲ್ಕು ಸಾಲಿನ ಪತ್ರದಿಂದ.

ಕನ್ನಡ ಸಂಘಗಳ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಯುಗಾದಿ, ರಾಜ್ಯೋತ್ಸವ, ದೀಪಾವಳಿ ಎಲ್ಲ ಚೆನ್ನಾಗಿ ಮಾಡುತ್ತೀರಿ. ನಮ್ಮ ಮಗಳು ಕನ್ನಡ ಓದಲು ಕಲಿತಿದ್ದು ಇಲ್ಲಿನ ಕನ್ನಡ ಕಲಿ ತರಗತಿಯಲ್ಲೇ, ಅದಕ್ಕೆ ನಾನು ಋಣಿ. ಇದರ ಜತೆಗೆ ಒಂದು ಫೋನ್ ನಂಬರ್ ಇಡಿ. ವಿಳಾಸ ಕೊಡಲು ತಯಾರಿರುವ ಹತ್ತು ಮನೆಗಳ ಪಟ್ಟಿ ಇಡಿ. ಹತ್ತೇ ಮನೆ. ಒಂದು ಮನೆಗೆ ವರ್ಷಕ್ಕೆ ಒಂದೇ ಕುಟುಂಬ ಬಂದರೂ ಹತ್ತು ಕುಟುಂಬ ಆಯಿತು. ಸಿರಾ ತಾಲ್ಲೂಕಿನ ಮೂಲದವರಾದ, ಆಗ ಇಲ್ಲಿ ಸಂಸದರಾಗಿದ್ದ ಚಂದ್ರ ಆರ್ಯ ಅವರು 2022ರ ಮೇ ತಿಂಗಳಲ್ಲಿ ಕೆನಡಾದ ಸಂಸತ್ತಿನಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದಾಗ ನಮ್ಮೆಲ್ಲರ ಎದೆ ತುಂಬಿ ಬಂತು. ಆ ವಿಡಿಯೊವನ್ನು ನಾನು ಎಷ್ಟು ಜನಕ್ಕೆ ಕಳಿಸಿದೆನೋ ಲೆಕ್ಕವಿಲ್ಲ. ಆ ದಿನವೇ ನಮ್ಮ ವಾಟ್ಸಾಪ್ ಗುಂಪಿನಲ್ಲಿ, ವಿಡಿಯೊಗಳ ನಡುವೆ, ಬಳ್ಳಾರಿಯ ಒಂದು ಕುಟುಂಬದ ಸಂದೇಶ ಇತ್ತು. ಜೂನ್ ಮೊದಲ ವಾರ ಬರುತ್ತಿದ್ದೇವೆ, ಎರಡು ಮಕ್ಕಳಿದ್ದಾರೆ, ಒಂದು ರೂಮ್ ಸಿಗಬಹುದಾ ಅಂತ. ಯಾರೂ ಉತ್ತರ ಕೊಡಲಿಲ್ಲ.

ನಾನೂ ಕೊಡಲಿಲ್ಲ. ಆಗಷ್ಟೇ ನಾವು ಈ ಮನೆ ತಗೊಂಡಿದ್ದೆವು, ಬೇಸ್‌ಮೆಂಟಿಗೆ ಬಣ್ಣ ಹೊಡೆಸುತ್ತಿದ್ದೆವು. ಬಣ್ಣ ಮುಗಿಯಲಿ ಅಂದುಕೊಂಡೆ. ಮುಗಿಯುವ ಹೊತ್ತಿಗೆ ಅವರು ಗುಂಪಿನಿಂದ ಹೊರಗೆ ಹೋಗಿದ್ದರು. ಅವರು ಎಲ್ಲಿ ಇಳಿದರು, ಆ ಮಕ್ಕಳು ಮೊದಲ ರಾತ್ರಿ ಎಲ್ಲಿ ಮಲಗಿದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅಕ್ಕನ ಮನೆಯ ಋಣ ಇಟ್ಟುಕೊಂಡವಳು ಹಾಗೆ ಮಾಡಬಾರದಿತ್ತು. ಈ ಪತ್ರ ಬರೆಯಲು ಅದೂ ಒಂದು ಕಾರಣ.

ಇನ್ನು, ಊರಲ್ಲಿ ಸೂಟ್‌ಕೇಸ್ ಕಟ್ಟುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮಗೂ ಒಂದೆರಡು ಮಾತು. ಫೋಟೊ ನೋಡಿ, ಮನೆ ಕಣ್ಣಾರೆ ನೋಡದೆ, ಅಲ್ಲಿಂದಲೇ ಠೇವಣಿ ಕಳಿಸಬೇಡಿ. ಹಾಗೆ ಕಳಿಸಿ ಬಂದು ನೋಡಿದರೆ ಆ ಮನೆಯಲ್ಲಿ ಬೇರೆ ಯಾರೋ ಇದ್ದರು ಅನ್ನುವ ಕಥೆ ನಾನು ಮೂರು ಸಲ ಕೇಳಿದ್ದೇನೆ. ಲ್ಯಾಂಡಿಂಗ್ ದಿನ ಗಟ್ಟಿ ವಿಳಾಸ ಇಲ್ಲದಿದ್ದರೆ ಆಮೇಲೆ ಕೊಡುತ್ತೇನೆ ಅನ್ನಿ, ಆದರೆ 180 ದಿನ ದಾಟಲು ಬಿಡಬೇಡಿ. ದಾಟಿದರೆ ತಲೆಗೆ 50 ಡಾಲರ್ ಕಟ್ಟಿ ಕಾರ್ಡಿಗೆ ಮತ್ತೆ ಅರ್ಜಿ ಹಾಕಬೇಕು. ಹತ್ತು ಸಾವಿರ ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ತರುತ್ತಿದ್ದರೆ ಕಸ್ಟಮ್ಸ್‌ನಲ್ಲಿ ಹೇಳಿಬಿಡಿ, ತಂದರೆ ತಪ್ಪಿಲ್ಲ, ಮುಚ್ಚಿಟ್ಟರೆ ತಪ್ಪು. ಡ್ರೈವಿಂಗ್ ಲೈಸೆನ್ಸ್ ಎಷ್ಟು ವರ್ಷದಿಂದ ಇದೆ ಅಂತ ನಿಮ್ಮ ಆರ್‌ಟಿಒ ಕಚೇರಿಯಿಂದ ಪತ್ರ ತನ್ನಿ. ಹೊಸಬರಿಗೆ ನೆರವಾಗುವ ಸಂಸ್ಥೆಗಳು ಇಲ್ಲಿ ಊರೂರಲ್ಲಿವೆ, ಸರ್ಕಾರವೇ ದುಡ್ಡು ಕೊಡುತ್ತದೆ, ಪಿಆರ್ ಆಗಿ ಬಂದವರಿಗೆ ಪೂರ್ತಿ ಉಚಿತ. ನಾಚಿಕೆ ಪಡದೆ ಹೋಗಿ. ಮತ್ತೆ, ಯಾರಾದರೂ ನಿಮ್ಮನ್ನು ಮನೆಗೆ ಸೇರಿಸಿಕೊಂಡರೆ, ಹೇಳಿದ ತಾರೀಖಿಗೆ ಮನೆ ಬಿಡಿ. ನಿಮ್ಮ ಹಿಂದೆ ಬರುವ ಕುಟುಂಬಕ್ಕೆ ಆ ಬಾಗಿಲು ತೆರೆಯುವುದೋ ಮುಚ್ಚುವುದೋ ಅನ್ನೋದು ಅದರ ಮೇಲೆ ನಿಂತಿದೆ.

ಮುಂಚಿನಷ್ಟು ಜನ ಈಗ ಬರುವುದಿಲ್ಲ. ವರ್ಷಕ್ಕೆ ಐದು ಲಕ್ಷ ಪಿಆರ್ ಅಂತ ಹೇಳುತ್ತಿದ್ದ ಸರ್ಕಾರ 2025ಕ್ಕೆ ಅದನ್ನು 3,95,000ಕ್ಕೆ ಇಳಿಸಿತು. 2026ಕ್ಕೆ 3,80,000. ಹೊರಗಿನವರು ಜಾಸ್ತಿ ಆದರು ಅನ್ನುವ ಮಾತು ಬಸ್ಸಿನಲ್ಲಿ, ಅಂಗಡಿಯಲ್ಲಿ ಕಿವಿಗೆ ಬೀಳುತ್ತದೆ. ಇಂಥ ಹೊತ್ತಿನಲ್ಲಿ ಬಂದಿಳಿಯುವವರಿಗೆ ವಿಮಾನ ನಿಲ್ದಾಣದ ಸ್ವಾಗತದ ಮಾತು ಒಂದೇ ಸಾಲುವುದಿಲ್ಲ.

ನಮ್ಮ ಬೇಸ್‌ಮೆಂಟಿಗೆ ಈ ಸಲ ಚಿತ್ರದುರ್ಗದ ಒಂದು ಕುಟುಂಬ ಬರುತ್ತಿದೆ. ಗಂಡ, ಹೆಂಡತಿ, ಆರು ತಿಂಗಳ ಮಗು. ಹೋದ ಭಾನುವಾರ ವಿಡಿಯೊದಲ್ಲಿ ಮಾತಾಡಿದೆವು. ಆ ಹುಡುಗಿ ತುಂಬಾ ಸಂಕೋಚದಿಂದ, "ಅಕ್ಕಾ, ಫಾರಂನಲ್ಲಿ ಅಡ್ರೆಸ್ ಅಂತ ಇದೆ, ಏನು ಬರೀಲಿ?" ಅಂತ ಕೇಳಿದಳು. ನಮ್ಮ ಮನೆ ನಂಬರ್, ಬೀದಿ, ಪೋಸ್ಟಲ್ ಕೋಡ್ ನಿಧಾನಕ್ಕೆ ಹೇಳಿದೆ. ಅವಳು ಬರೆದುಕೊಂಡು, ಸರಿ ಇದೆಯಾ ನೋಡಿ ಅಂತ ಎರಡು ಸಲ ಓದಿ ಹೇಳಿದಳು. ನಮ್ಮ ಟಪಾಲು ಡಬ್ಬಿಗೆ ಮೂರು ಕೀ ಇವೆ. ಒಂದನ್ನು ತೆಗೆದು ಬಾಗಿಲ ಪಕ್ಕದ ಮೊಳೆಗೆ ನೇತು ಹಾಕಿದ್ದೇನೆ. ಅವರ ಹೆಸರಿನ ಚೀಟಿಯನ್ನು ನಿನ್ನೆ ಸಂಜೆ ಮಗಳು ಬರೆದಳು. ಅವಳ ಕನ್ನಡ ಅಕ್ಷರ ಇನ್ನೂ ಸ್ವಲ್ಪ ಸೊಟ್ಟ. ಪೋಸ್ಟಿನವರಿಗೆ ಇರಲಿ ಅಂತ ಕೆಳಗೆ ಇಂಗ್ಲಿಷಿನಲ್ಲೂ ಬರೆದಿದ್ದಾಳೆ.

ಇಂತಿ,
ಬ್ರ್ಯಾಂಪ್ಟನ್‌ನಲ್ಲಿ ಇರುವ ದಾವಣಗೆರೆಯ ಹೆಣ್ಣುಮಗಳು